ಓನರ್‌ಗೆ ಮೊದಲು ಹೇಳು, ಆಮೇಲೆ ಅವನ ಸಾಮಾನು ಬರಲಿ

ತಂಗಿ, ನಿನ್ನ ಪ್ರಶ್ನೆ ಓದಿದೆ. ಜರ್ಮನಿಗೆ ಬಂದು ಇನ್ನೂ ವರ್ಷ ಆಗಿಲ್ಲ. ಒಂದು ರೂಮು, ಅಡುಗೆಮನೆ ಇರುವ ಬಾಡಿಗೆ ಮನೆ, ಅಗ್ರಿಮೆಂಟಿನಲ್ಲಿ ನಿನ್ನ ಹೆಸರು ಮಾತ್ರ. ಬೇರೆ ಊರಲ್ಲಿ ಓದು ಮುಗಿಸಿದ ನಿನ್ನ ಹುಡುಗನಿಗೆ ನೀನಿರುವ ಊರಲ್ಲೇ ಕೆಲಸ ಸಿಕ್ಕಿದೆ. ನಿಶ್ಚಿತಾರ್ಥ ಆಗಿದೆ, ಮದುವೆ ಬರುವ ಬೇಸಿಗೆಗೆ ಕುಮಟಾದಲ್ಲಿ. ಅಲ್ಲಿಯವರೆಗೆ ಅವನು ನಿನ್ನ ಜೊತೆ ಇರಬೇಕು ಅಂದರೆ ಓನರ್ ಒಪ್ಪಿಗೆ ಬೇಕಾ, ಅಥವಾ ಗೆಳತಿ ಹೇಳಿದ ಹಾಗೆ ‘ಕಸಿನ್ ಬಂದಿದ್ದಾನೆ’ ಅಂತ ಸುಮ್ನೆ ಇದ್ದುಬಿಡಬಹುದಾ ಅಂತ ಕೇಳಿದ್ದೀಯ.

ಒಪ್ಪಿಗೆ ಬೇಕು. ಅವನು ಬರುವ ಮೊದಲೇ ಕೇಳಬೇಕು. ಬಾಯಿಮಾತಲ್ಲಿ ಬೇಡ, ಬರೆದು ಕೇಳು. ಉತ್ತರವನ್ನೂ ಬರೆಸಿಕೊಂಡೇ ಇಟ್ಟುಕೋ.

ನಿನಗೆ ಯಾಕೆ ಹಿಂಜರಿಕೆ ಅಂತ ಗೊತ್ತು. ನಾನು ಶಿರಸಿಯವಳು. ನಮ್ಮ ಕಡೆ ಬಾಡಿಗೆ ಮನೆ ನೋಡಲು ಹೋದರೆ ಯಾವ ಊರು, ಯಾರ ಮನೆ, ಮನೆಯಲ್ಲಿ ಎಷ್ಟು ಜನ ಅಂತ ಕೇಳಿದ ಮೇಲೇ ಕೀಲಿಕೈ ತೆಗೆಯುವುದು. ಓನರ್ ಕೆಳಗೆ, ಬಾಡಿಗೆಯವರು ಮೇಲೆ. ಗೇಟಿನ ಚಿಲಕ ಸದ್ದಾದರೆ ಕಿಟಕಿಯಲ್ಲಿ ಒಂದು ಮುಖ ಕಾಣುತ್ತದೆ. ಮದುವೆಯಾಗದ ಹುಡುಗಿ ಇರುವಲ್ಲಿ ಹುಡುಗನೊಬ್ಬ ರಾತ್ರಿ ಉಳಿದ ಅಂದರೆ ಬೆಳಿಗ್ಗೆಯೇ ಅಪ್ಪನಿಗೆ ಫೋನ್ ಹೋಗುತ್ತದೆ. ಕುಮಟಾದಲ್ಲಾಗಲೀ ಕಾರವಾರದಲ್ಲಾಗಲೀ ಬೇರೆ ಇರಲಿಕ್ಕಿಲ್ಲ. ಆ ಹೆದರಿಕೆಯನ್ನು ನಾವು ಇಲ್ಲಿಗೂ ತಂದಿರುತ್ತೇವೆ. ಓನರ್ ಮುಂದೆ ನಿಂತು ‘ನನ್ನ ಹುಡುಗ ಬಂದು ಇರುತ್ತಾನೆ’ ಅನ್ನಲು ನಾಲಿಗೆ ಬರುವುದಿಲ್ಲ. ಆದರೆ ಇಲ್ಲಿ ಆ ಮಾತು ಕೇಳಿ ಯಾರೂ ಹುಬ್ಬು ಏರಿಸುವುದಿಲ್ಲ. ಅವನು ನಿನಗೆ ಏನಾಗಬೇಕು ಅನ್ನುವುದು ಓನರ್‌ಗೆ ಬೇಡವೇ ಬೇಡ. ತನ್ನ ಮನೆಯಲ್ಲಿ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಅಂತ ತನಗೆ ಗೊತ್ತಿರಬೇಕು, ಅಷ್ಟೇ. ಮುಚ್ಚಿಟ್ಟದ್ದು ಗೊತ್ತಾದರೆ ಆಗ ಎಚ್ಚರಿಕೆ ಪತ್ರ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಮನೆ ಬಿಡಿಸುವವರೆಗೂ ಹೋಗಬಹುದು.

ಕಾನೂನು ನಿನ್ನ ಕಡೆಗೇ ಇದೆ, ಹೆದರಬೇಡ. ಗಂಡ, ಹೆಂಡತಿ, ಮಕ್ಕಳು ಬಂದು ಇರಲು ಒಪ್ಪಿಗೆ ಬೇಡ, ತಿಳಿಸಿದರೆ ಸಾಕು. ಮದುವೆಯಾಗದ ಸಂಗಾತಿಗೆ ಒಪ್ಪಿಗೆ ಬೇಕು ಅಂತ ಇಲ್ಲಿನ ಅತಿ ದೊಡ್ಡ ಸಿವಿಲ್ ಕೋರ್ಟ್ 2003ರಲ್ಲಿ ಹೇಳಿದೆ. ಕೇಳಿದರೆ ಸಾಮಾನ್ಯವಾಗಿ ಕೊಡಲೇಬೇಕು ಅಂತಲೂ ಅದೇ ತೀರ್ಪು ಹೇಳುತ್ತದೆ. ಬಿಜಿಬಿ ಅನ್ನುವ ಸಿವಿಲ್ ಸಂಹಿತೆಯ 553ನೇ ಕಲಮು ನೋಡು. ಅಗ್ರಿಮೆಂಟ್ ಆದ ಮೇಲೆ ಹುಟ್ಟಿದ ಸರಿಯಾದ ಕಾರಣ ಇರಬೇಕು. ಅವನಿಗೆ ಈಗ ತಾನೇ ಕೆಲಸ ಸಿಕ್ಕಿದೆ, ಒಟ್ಟಿಗೆ ಇರಬೇಕು ಅಂತಿದ್ದೀರಿ, ಅದು ಧಾರಾಳ ಸಾಕು. ಮನೆಗೆ ಜನ ಜಾಸ್ತಿಯಾದರೆ, ಇಲ್ಲಾ ಬರುವವನ ಮೇಲೇ ಗಟ್ಟಿ ಆಕ್ಷೇಪ ಇದ್ದರೆ ಓನರ್ ಬೇಡ ಅನ್ನಬಹುದು. ಇಬ್ಬರಿಗೆ ನಿನ್ನ ಮನೆ ಚಿಕ್ಕದೇನಲ್ಲ.

ಕಸಿನ್ ಮಾತು ಬಿಟ್ಟುಬಿಡು. ನೆಂಟರು ಕೆಲವು ವಾರ ಬಂದು ಹೋದರೆ ಯಾರೂ ಕೇಳುವುದಿಲ್ಲ, ನಿಜ. ಆದರೆ ಬಂದು ಇದ್ದುಬಿಡುವುದಾದರೆ ಕಸಿನ್‌ಗೂ ಒಪ್ಪಿಗೆ ಬೇಕು. ಇವತ್ತು ಕಸಿನ್ ಅಂದವನನ್ನು ಬೇಸಿಗೆ ಕಳೆದ ಮೇಲೆ ಗಂಡ ಅಂತ ಯಾವ ಮುಖ ಇಟ್ಟುಕೊಂಡು ಪರಿಚಯಿಸುತ್ತೀ?

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು. ಮನೆಗೆ ಬಂದ ಎರಡು ವಾರದೊಳಗೆ ಅವನು ನಿಮ್ಮೂರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ನೀನೂ ಬಂದಾಗ ಮಾಡಿದ್ದೀಯ, ಅದೇ ಅನ್‌ಮೆಲ್ಡುಂಗ್. ಅದಕ್ಕೆ ‘ಇವರು ಇಂಥ ತಾರೀಕಿನಿಂದ ಈ ಮನೆಯಲ್ಲಿದ್ದಾರೆ’ ಅಂತ ಓನರ್ ಸಹಿ ಮಾಡಿದ ಒಂದು ಹಾಳೆ ಬೇಕು. 2015ರ ನವೆಂಬರ್‌ನಿಂದ ಇದು ಇಲ್ಲದೆ ಆಗುವುದಿಲ್ಲ.

ಇವರು ಬಂದಾಗ ನಮಗೆ ಮದುವೆ ಆಗಿತ್ತು. ಮೆಟ್ಟಿಲಲ್ಲಿ ಸಿಕ್ಕ ಓನರ್‌ಗೆ ವಿಷಯ ಹೇಳಿದ್ದೆ. ಕೈಕುಲುಕಿ ಸಂತೋಷ ಅಂದಿದ್ದರು. ನಮ್ಮೂರಲ್ಲಿ ಅಷ್ಟು ಮಾತು ಸಾಕಲ್ವಾ. ಹಾಳೆಯಲ್ಲಿ ಹೆಸರು, ತಾರೀಕು ಎಲ್ಲ ನಾನೇ ತುಂಬಿ ಅವರ ಅಂಚೆ ಡಬ್ಬಿಗೆ ಹಾಕಿದೆ. ಸಹಿ ಬರಲಿಲ್ಲ. ಕೇಳಿದರೆ, ನೀವು ಹೇಳಿದ್ದು ನನಗೆ ನೆನಪಿಲ್ಲ, ಮೊದಲು ನೀರಿನ ಕಸದ ಲೆಕ್ಕ ಇಬ್ಬರಿಗೆ ಬದಲಾಯಿಸೋಣ, ಆಮೇಲೆ ಸಹಿ ಅಂದರು. ವಾರದ ಮೇಲೆ ವಾರ ಹೋಯಿತು. ನೋಂದಣಿ ಇಲ್ಲದೆ ವಿದೇಶಿಯರ ಕಚೇರಿಯಲ್ಲಿ ಅರ್ಜಿ ಮುಂದೆ ಹೋಗಲಿಲ್ಲ. ಸಹಿ ಕೈಗೆ ಬಂದು ಆ ಕಚೇರಿಯ ದಿನ ಸಿಗುವ ಹೊತ್ತಿಗೆ ವೀಸಾ ಮುಗಿಯುತ್ತ ಬಂದಿತ್ತು.

ಅದೇ ಸಮಯಕ್ಕೆ ಊರಲ್ಲಿ ಇವರ ಅಜ್ಜಿ ತೀರಿಕೊಂಡರು. ಇವರನ್ನು ಎತ್ತಿ ಆಡಿಸಿ ದೊಡ್ಡ ಮಾಡಿದ ಅಜ್ಜಿ. ಊರಿಗೆ ಹೋದರೆ ವಾಪಸ್ ಬರಲು ಮತ್ತೆ ವೀಸಾಕ್ಕೆ ಮೊದಲಿನಿಂದ ಹಾಕಬೇಕಿತ್ತು. ಹೋಗಲಾಗಲಿಲ್ಲ. ಯಲ್ಲಾಪುರದಿಂದ ಒಳಗಿನ ಊರು ಅದು, ಮನೆಯಲ್ಲಿ ಸಿಗ್ನಲ್ ಇಲ್ಲ. ಇವರ ತಮ್ಮ ಕೊಟ್ಟಿಗೆ ಹಿಂದಿನ ಧರೆ ಹತ್ತಿ ಫೋನ್ ಎತ್ತಿ ಹಿಡಿದಿದ್ದ. ಚಿತ್ರ ಬರಲೇ ಇಲ್ಲ, ಮಳೆ ಸದ್ದಿನ ನಡುವೆ ಭಟ್ಟರ ಮಂತ್ರ ಅಷ್ಟಿಷ್ಟು ಕೇಳಿತು. ವರ್ಷಗಳಾದವು. ಆ ಮಾತು ಬಂದರೆ ಇವರು ಇವತ್ತಿಗೂ ಎದ್ದು ಒಳಗೆ ಹೋಗುತ್ತಾರೆ. ನನಗೂ ಅದು ಮನಸ್ಸಿನಿಂದ ಹೋಗಿಲ್ಲ, ಹೋಗುವುದೂ ಇಲ್ಲ.

ಓನರ್ ಸಹಿ ಕೊಡಲು ಎಳೆದಾಡಿದರೆ ನೋಂದಣಿ ಕಚೇರಿಗೇ ತಕ್ಷಣ ತಿಳಿಸಬೇಕು ಅಂತ ಕಾನೂನೇ ಇದೆ. ಓನರ್‌ಗೆ ದಂಡ ಕೂಡ ಹಾಕಬಹುದು. ಆಗ ಇದನ್ನು ಹೇಳುವವರು ನಮಗೆ ಯಾರೂ ಇರಲಿಲ್ಲ. ನಿನ್ನ ಹುಡುಗನದು ಸ್ಟೂಡೆಂಟ್ ಪರ್ಮಿಟ್ ಅಲ್ವಾ, ಕೆಲಸದ ಪರ್ಮಿಟ್‌ಗೆ ಬದಲಾಗಬೇಕು. ಊರು ಬದಲಾದರೆ ಆ ಅರ್ಜಿ ನೋಡುವುದೂ ಹೊಸ ಊರಿನ ಕಚೇರಿ, ಎಲ್ಲವೂ ಈ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಹಾಗಾಗಿ ಒಪ್ಪಿಗೆ ಕೇಳುವ ಪತ್ರದಲ್ಲೇ ಈ ಹಾಳೆಯನ್ನೂ ಕೇಳು.

ಉಳಿದವು ಸಣ್ಣ ವಿಷಯ. ನೀರು, ಕಸದ ಖರ್ಚು ತಲೆ ಲೆಕ್ಕದಲ್ಲಿದ್ದರೆ ಜಾಸ್ತಿಯಾಗುತ್ತದೆ. ಒಪ್ಪಿಗೆಗೆ ಪ್ರತಿಯಾಗಿ ಸ್ವಲ್ಪ ಬಾಡಿಗೆ ಏರಿಸಲು ಕೆಲವು ಸಂದರ್ಭದಲ್ಲಿ ಅವಕಾಶ ಇದೆ, ಕೇಳಿದ ತಕ್ಷಣ ಹೂಂ ಅನ್ನಬೇಡ. ಟಿವಿ-ರೇಡಿಯೋ ಶುಲ್ಕ ಮನೆಗೊಂದೇ, ತಿಂಗಳಿಗೆ 18.36 ಯೂರೋ. ಇಬ್ಬರೂ ಕಟ್ಟಬೇಕಿಲ್ಲ, ಅವನದನ್ನು ರದ್ದು ಮಾಡಿಸು. ಬೆಲ್ ಮೇಲೆ, ಅಂಚೆ ಡಬ್ಬಿ ಮೇಲೆ ಅವನ ಹೆಸರು ಅಂಟಿಸು, ಇಲ್ಲದಿದ್ದರೆ ಅವನ ಪತ್ರ ಬರುವುದಿಲ್ಲ. ಅಗ್ರಿಮೆಂಟ್ ನಿನ್ನ ಹೆಸರಲ್ಲೇ ಇರುವವರೆಗೆ ಅವನು ಏನು ಒಡೆದರೂ ಓನರ್ ಕೇಳುವುದು ನಿನ್ನನ್ನೇ, ಅದು ತಲೆಯಲ್ಲಿರಲಿ. ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀಯ, ಶ್ರೀಲಂಕಾ ತಮಿಳರ ಅಂಗಡಿ ಹುಡುಕು. ತುರಿದ ಕಾಯಿಯೂ ಫ್ರೀಜರ್‌ನಲ್ಲಿ ಸಿಗುತ್ತದೆ.

ಮನೆಯಲ್ಲಿ ಹೇಗೆ ಹೇಳಲಿ ಅಂತಲೂ ಕೇಳಿದ್ದೀಯ. ಮದುವೆ ಮುಗಿಸಿಯೇ ಬರಲಿ ಅನ್ನುವಷ್ಟು ಹಳೇ ಕಾಲದವಳು ನಾನಲ್ಲ. ಆದರೆ ಆಯಿ ಬೇರೆಯವರ ಬಾಯಿಂದ ಕೇಳುವ ಹಾಗೆ ಆಗಬಾರದು. ಅವರಿಗೆ ನೀನೇ ಹೇಳು. ಒಬ್ಬಳೇ ಬಂದು, ಭಾಷೆ ಗೊತ್ತಿಲ್ಲದ ಊರಲ್ಲಿ ಮನೆ ಹುಡುಕಿ ನಿಂತಿದ್ದೀಯ. ನಮ್ಮ ಜಿಲ್ಲೆಯ ಹುಡುಗಿ ಅಂತ ನನಗೇ ಹೆಮ್ಮೆ, ಅವರಿಗೆ ಇರುವುದಿಲ್ಲವಾ?

ಪತ್ರ ಈ ವಾರವೇ ಬರೆ. ಅವನ ಪೂರ್ತಿ ಹೆಸರು, ಬರುವ ತಾರೀಕು, ಕಾರಣ, ಉತ್ತರ ಯಾವಾಗಿನೊಳಗೆ ಬೇಕು, ಇಷ್ಟಿದ್ದರೆ ಆಯಿತು. ಕಳಿಸುವ ಮೊದಲು ನನಗೊಮ್ಮೆ ತೋರಿಸು, ಜರ್ಮನ್ ತಿದ್ದಿಕೊಡುತ್ತೇನೆ.