ಗಿಟಾರ್‌ಗೆ ಹೊಸ ಪಿಕಪ್: ಜಾಸ್ತಿ ಔಟ್‌ಪುಟ್ ಇರುವುದನ್ನೇ ತಗೊಳ್ಳಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಾಗರದ ಹತ್ತಿರ ಮನೆ. ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್, ತಂತಿಯ ದನಿ ಹಿಡಿಯುವ ಪಿಕಪ್ ಮೂರು. ಬ್ರಿಡ್ಜ್ ಕಡೆ, ಅಂದರೆ ತಂತಿ ಕಟ್ಟಿರುವ ಬುಡದ ಕಡೆ, ಎರಡು ಕಾಯಿಲ್‌ನ ಹಂಬಕರ್. ಉಳಿದ ಎರಡು ಸಿಂಗಲ್ ಕಾಯಿಲ್, ಅಂದರೆ ಒಂದೇ ಕಾಯಿಲ್‌ನವು. ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಎಫೆಕ್ಟ್) ಹಾಕಿದರೆ ಹಂಬಕರ್‌ನಲ್ಲಿ ಎಲ್ಲ ಸ್ವರವೂ ಕಲಸಿಹೋದ ಹಾಗೆ ಕೇಳುತ್ತದೆ. ಕತ್ತಿನ ಕಡೆಯ ನೆಕ್ ಪಿಕಪ್ ಗುಂಯ್ ಅನ್ನುತ್ತದೆ. ನಡುವಿನದು ಈ ಮಳೆಗಾಲ ಕಳೆದ ಮೇಲೆ ತೀರಾ ಸಣ್ಣಗಾಗಿದೆ. ಬ್ರಿಡ್ಜ್‌ಗೆ ಔಟ್‌ಪುಟ್ ಜಾಸ್ತಿ ಅಂತ 16 ಕಿಲೋ ಓಮ್‌ನ (ಇದು ಕಾಯಿಲ್ ತಂತಿಯ ರೆಸಿಸ್ಟೆನ್ಸ್) ಪಿಕಪ್ ಒಂದನ್ನು ನೋಡಿಟ್ಟಿದ್ದೀರಿ, ತರಿಸಲಾ ಅಂತ ಕೇಳಿದ್ದೀರಿ.

ಈಗಲೇ ತರಿಸಬೇಡಿ. ಮಂಕಾಗಿರುವ ಗಿಟಾರ್‌ಗೆ ಜಾಸ್ತಿ ಔಟ್‌ಪುಟ್‌ನ ಪಿಕಪ್ ಹಾಕಿದರೆ ಇನ್ನೂ ಮಂಕಾಗುವ ಸಾಧ್ಯತೆಯೇ ಹೆಚ್ಚು.

ನಾನು ಶಿವಮೊಗ್ಗದಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ, ಜೊತೆಯವರ ಗಿಟಾರ್ ರಿಪೇರಿಯನ್ನೂ ಮಾಡಿಕೊಡುತ್ತೇನೆ. ಮೊದಲ ಸಲ ಪಿಕಪ್ ಬದಲಿಸಿದಾಗ ನಾನೂ ದೊಡ್ಡ ನಂಬರ್ ನೋಡಿಯೇ ತಂದಿದ್ದೆ. ಸೆರಾಮಿಕ್ ಮ್ಯಾಗ್ನೆಟ್‌ನ ಭಾರಿ ಹಂಬಕರ್. ಮನೆಯಲ್ಲಿ ಒಬ್ಬನೇ ನುಡಿಸಿದಾಗ ಎಷ್ಟು ಖುಷಿಯಾಗಿತ್ತು ಅಂದರೆ, ಊಟಕ್ಕೆ ಕರೆದರೂ ಎದ್ದಿರಲಿಲ್ಲ. ವಾರದ ನಂತರ ಗಣಪತಿ ಪೆಂಡಾಲಿನಲ್ಲಿ ಕಾರ್ಯಕ್ರಮ. ಕೀಬೋರ್ಡ್, ಬೇಸ್, ಡ್ರಮ್ಸ್ ಎಲ್ಲ ಶುರುವಾದ ಮೇಲೆ ನನ್ನ ಗಿಟಾರ್ ಎಲ್ಲಿ ಹೋಯಿತು ಅಂತ ನನಗೇ ಗೊತ್ತಾಗಲಿಲ್ಲ. ವಾಲ್ಯೂಮ್ ಏರಿಸಿದಷ್ಟೂ ಗದ್ದಲ ಹೆಚ್ಚಾಯಿತೇ ಹೊರತು ಒಂದು ಸ್ವರವೂ ಬಿಡಿಸಿ ಕೇಳಲಿಲ್ಲ.

ಅದು ಯಾಕೆ ಹಾಗೆ ಅಂತ ಹೇಳುತ್ತೇನೆ. ಪಿಕಪ್ ಅಂದರೆ ಮ್ಯಾಗ್ನೆಟ್, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಸುಮಾರು 0.06 ಮಿ.ಮೀ. ದಪ್ಪದ ತಂತಿ, ಸಾವಿರಾರು ಸುತ್ತು. ಗಿಟಾರ್ ತಂತಿ ಅದರ ಮೇಲೆ ಅಲುಗಿದಾಗ ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತದೆ. ಸುತ್ತು ಜಾಸ್ತಿ ಮಾಡಿದರೆ ಔಟ್‌ಪುಟ್ ಏರುತ್ತದೆ ನಿಜ. ಆದರೆ ಅದರ ಜೊತೆಗೆ ಚೂಪಾದ, ಮೇಲಿನ ಸ್ವರಾಂಶಗಳು ಕಮ್ಮಿಯಾಗುತ್ತವೆ, ನಡುವಿನ ದನಿ ಉಬ್ಬುತ್ತದೆ. ಸ್ವರಗಳನ್ನು ಬಿಡಿಬಿಡಿಯಾಗಿ ಕೇಳಿಸುವುದು ಆ ಮೇಲಿನ ಅಂಶವೇ. ಇನ್ನು ಕಿಲೋ ಓಮ್ ನಂಬರ್ ಔಟ್‌ಪುಟ್‌ನ ಅಳತೆ ಕೂಡ ಅಲ್ಲ. ಸುತ್ತು ಅಷ್ಟೇ ಇದ್ದು ತಂತಿ ಇನ್ನೂ ಸಣ್ಣದಾದರೂ ಓಮ್ ಏರುತ್ತದೆ.

ಹಾಗಾಗಿ ಮೊದಲು ಸ್ಕ್ರೂಡ್ರೈವರ್ ತಗೊಳ್ಳಿ. ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪಿಕಪ್‌ಗೆ ಎಷ್ಟು ಜಾಗ ಇದೆ ಅಂತ ಸ್ಕೇಲ್ ಇಟ್ಟು ನೋಡಿ. ಹಂಬಕರ್‌ಗೆ ದಪ್ಪ ತಂತಿಯ ಕಡೆ 2 ಮಿ.ಮೀ., ಸಣ್ಣ ತಂತಿಯ ಕಡೆ ಒಂದೂವರೆ ಮಿ.ಮೀ.ನಿಂದ ಶುರುಮಾಡಿ. ಕಮ್ಮಿ ಬೆಲೆಯ ಎಷ್ಟೋ ಗಿಟಾರ್‌ಗಳಲ್ಲಿ ಪಿಕಪ್ ತಂತಿಗೆ ತಾಗುವಷ್ಟು ಮೇಲಿರುತ್ತದೆ. ಪಿಕಪ್‌ನ ಎರಡೂ ತುದಿಯ ಸ್ಕ್ರೂ ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಅದು ಕೆಳಗಿಳಿಯುತ್ತದೆ. ಕಾಲು ಸುತ್ತು ತಿರುಗಿಸಿ, ನುಡಿಸಿ, ಕೇಳಿ. ಮತ್ತೆ ಕಾಲು ಸುತ್ತು. ಒಂದು ಹಂತದಲ್ಲಿ ಸ್ವರಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಆ ಬದಲಾವಣೆ ಕಿವಿಗೆ ಗೊತ್ತಾದಾಗ ಆಗುವ ಸಂತೋಷವೇ ಬೇರೆ. ಸಿಂಗಲ್ ಕಾಯಿಲ್‌ಗಳಿಗೆ ಇನ್ನೂ ಸ್ವಲ್ಪ ಜಾಗ ಬಿಡಿ. ತೀರಾ ಹತ್ತಿರ ಇದ್ದರೆ ಮ್ಯಾಗ್ನೆಟ್ ತಂತಿಯನ್ನೇ ಎಳೆಯುತ್ತದೆ, ಶ್ರುತಿ ಮಾಡಿದ್ದರೂ ಅಪಶ್ರುತಿ ಕೇಳುತ್ತದೆ.

ಅದಾದ ಮೇಲೆ ತಂತಿ ಸಡಿಲಿಸಿ, ಪಿಕಪ್‌ಗಳು ಕೂತಿರುವ ಪಿಕ್‌ಗಾರ್ಡ್ ಹಲಗೆ ಬಿಚ್ಚಿ. ಸಾಮಾನ್ಯವಾಗಿ 11 ಸ್ಕ್ರೂ ಇರುತ್ತವೆ, ಒಂದು ಬಟ್ಟಲಲ್ಲಿ ಹಾಕಿಟ್ಟುಕೊಳ್ಳಿ. ವಾಲ್ಯೂಮ್ ಪಾಟ್‌ನ (ವಾಲ್ಯೂಮ್ ಗುಂಡಿಯ ಒಳಭಾಗ) ಬೆನ್ನ ಮೇಲೋ ಪಕ್ಕದಲ್ಲೋ ಅಚ್ಚಾಗಿರುವ ನಂಬರ್ ನೋಡಿ. ಹಂಬಕರ್‌ಗೆ 500 ಕೆ (ಕಿಲೋ ಓಮ್) ಪಾಟ್ ಬೇಕು, ಸಿಂಗಲ್ ಕಾಯಿಲ್‌ಗೆ ರೂಢಿಯಲ್ಲಿರುವುದು 250 ಕೆ. ನಿಮ್ಮದರಲ್ಲಿ 250 ಕೆ ಇದ್ದರೆ ಹಂಬಕರ್‌ನ ಚೂಪೆಲ್ಲ ಅಲ್ಲೇ ಸೋರಿಹೋಗುತ್ತಿದೆ. ಪಾಟ್ ಬದಲಿಸುವ ಖರ್ಚು ಪಿಕಪ್‌ನ ಬೆಲೆಯ ಮುಂದೆ ಏನೂ ಅಲ್ಲ. 500 ಹಾಕಿದರೆ ಸಿಂಗಲ್ ಕಾಯಿಲ್‌ಗಳು ಸ್ವಲ್ಪ ಹೆಚ್ಚು ಚೂಪಾಗುತ್ತವೆ, ಟೋನ್ ಗುಂಡಿಯನ್ನು ತುಸು ಇಳಿಸಿಕೊಂಡರಾಯಿತು.

ಬಿಚ್ಚಿದಾಗಲೇ ನಡುವಿನ ಪಿಕಪ್ ನೋಡಿ. ನನಗೆ ಅನುಮಾನ ಇರುವುದು ಅದರ ಮೇಲೆ. ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು ಜಡಿಮಳೆಯ ತಿಂಗಳುಗಳಲ್ಲೆಲ್ಲ ಗಿಟಾರನ್ನು ಗೋಡೆಗೆ ನೇತುಹಾಕಿದ್ದರು. ಗೋಡೆಯೇ ಬೆವರುವ ಕಾಲ ಅದು. ಮಳೆ ನಿಂತ ಮೇಲೆ ತೆಗೆದರೆ ಒಂದು ಪಿಕಪ್ ದೂರದ ರೇಡಿಯೋ ಥರ ಸಣ್ಣಗೆ ಕೇಳುತ್ತಿತ್ತು. ಮಲ್ಟಿಮೀಟರ್ ಹಿಡಿದರೆ ಓಮ್ ಬರಲೇ ಇಲ್ಲ, ಅಂದರೆ ಕಾಯಿಲ್ ಎಲ್ಲೋ ಕಡಿದಿದೆ. ಕವರ್ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ಕಾಯಿಲ್‌ನ ತುದಿ ದಪ್ಪ ವೈರ್‌ಗೆ ಸೇರುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಿಲುಬು. ಹಳೇ ತಾಮ್ರದ ಚೊಂಬಿನ ಕಂಠದಲ್ಲಿ ಕಟ್ಟುತ್ತದಲ್ವಾ, ಅದೇ. ಕಿಲುಬು ಕೆರೆದು, ತಂತಿಯ ಒಂದು ಸುತ್ತು ಬಿಚ್ಚಿ, ಬ್ಲೇಡಿನಿಂದ ಅದರ ಮೇಲಿನ ವಾರ್ನಿಶ್ ಹೋಗಿಸಿ ಮತ್ತೆ ಬೆಸುಗೆ ಹಾಕಿದೆ. ಮೂರನೇ ಪ್ರಯತ್ನಕ್ಕೆ ನಿಂತಿತು. ಮೀಟರ್ 5.9 ಕಿಲೋ ಓಮ್ ತೋರಿಸಿತು. ಆ ಪಿಕಪ್ ಈಗಲೂ ನುಡಿಯುತ್ತಿದೆ. ನಿಮ್ಮದೂ ಹೀಗೇ ಆಗಿರಬಹುದು. ಒಳಗಡೆ ಎಲ್ಲೋ ಕಡಿದಿದ್ದರೆ ಮಾತ್ರ ಬದಲಿಸಲೇಬೇಕು.

ನೆಕ್ ಪಿಕಪ್‌ನ ಗುಂಯ್ ಬಗ್ಗೆ: ಸಿಂಗಲ್ ಕಾಯಿಲ್ ಸುತ್ತಲಿನ 50 ಹರ್ಟ್ಸ್ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ, ಅದು ಅದರ ಸ್ವಭಾವ. ಇದನ್ನು ತಪ್ಪಿಸಲೆಂದೇ ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಹಂಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು. ಪಕ್ಕಪಕ್ಕದಲ್ಲಿ ಒಂದಕ್ಕೊಂದು ಉಲ್ಟಾ ಜೋಡಿಸಿದ ಎರಡು ಕಾಯಿಲ್ ಗುಂಯ್ ಅನ್ನು ಹೊಡೆದುಹಾಕುತ್ತವೆ, ತಂತಿಯ ದನಿಯನ್ನು ಕೂಡಿಸುತ್ತವೆ. ನೆಕ್ ಮತ್ತು ನಡುವಿನದು ಒಟ್ಟಿಗೆ ಬರುವ ಕಡೆ ಸ್ವಿಚ್ ಇಟ್ಟು ನೋಡಿ. ನಡುವಿನದನ್ನು ಉಲ್ಟಾ ಸುತ್ತಿದ್ದರೆ, ಅದು ರಿಪೇರಿಯಾದ ಮೇಲೆ ಅಲ್ಲೂ ಗುಂಯ್ ಕಮ್ಮಿಯಾಗುತ್ತದೆ. ನಮ್ಮ ಕಡೆ ಇನ್ನೊಂದು ಕಾರಣ ಇನ್ವರ್ಟರ್. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಶುರುವಾದಾಗ ಯಾವ ಸಿಂಗಲ್ ಕಾಯಿಲ್ ಆದರೂ ಕಿರುಚುತ್ತದೆ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದ್ದರೂ ಸದ್ದು ಜಾಸ್ತಿಯಾಗಬಹುದು, ಅದಕ್ಕೆ ನೀರು ಹಾಕಿಸಿ. ತಂತಿ ಮುಟ್ಟಿದರೆ ಕೈ ಜುಮ್ ಅನ್ನುವುದಾದರೆ ಮಾತ್ರ ತಕ್ಷಣ ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಮುಟ್ಟಬೇಡಿ.

ಇಷ್ಟಾದ ಮೇಲೂ ಬ್ರಿಡ್ಜ್ ಪಿಕಪ್ ಹಿಡಿಸದಿದ್ದರೆ ಆಗ ಕೊಳ್ಳಿ. ನೀವು ಸಿನಿಮಾ ಹಾಡು, ರಾಕ್ ಎರಡನ್ನೂ ಬ್ಯಾಂಡಿನಲ್ಲಿ ನುಡಿಸುತ್ತೀರಿ ಅಂದಿರಿ. ಆಲ್ನಿಕೋ 5 ಮ್ಯಾಗ್ನೆಟ್‌ನ, 8ರಿಂದ 9 ಕಿಲೋ ಓಮ್‌ನ ಹಂಬಕರ್ ನಿಮಗೆ ಒಗ್ಗುತ್ತದೆ. ಸೆಮೊರ್ ಡಂಕನ್ ಕಂಪನಿಯ 59 ಆ ಜಾತಿಯದು. ಡಿಸ್ಟಾರ್ಷನ್ ಆಂಪ್‌ನಿಂದಲೋ ಪೆಡಲ್‌ನಿಂದಲೋ ಬರಲಿ, ಪಿಕಪ್ ಸ್ವರವನ್ನು ಬಿಡಿಸಿ ಕೊಡಲಿ. ನೀವು ನೋಡಿಟ್ಟಿದ್ದು ಡಂಕನ್ ಜೆಬಿ ಇರಬೇಕು ಅನ್ನಿಸುತ್ತದೆ, ಅದು 16ರ ಆಸುಪಾಸಿನದು. ಅದೂ ಒಳ್ಳೇ ಪಿಕಪ್ಪೇ. ನಡುವಿನ ದನಿ ಮುಂದೆ ನುಗ್ಗುವ ಲೀಡ್ ಬೇಕಾದವರಿಗೆ ಅದು, ನಿಮ್ಮ ತೊಂದರೆಗೆ ಮದ್ದಲ್ಲ.

ಆರ್ಡರ್ ಮಾಡುವ ಮೊದಲು ಬ್ರಿಡ್ಜ್‌ನಲ್ಲಿ ಮೊದಲ ತಂತಿಯಿಂದ ಆರನೆಯ ತಂತಿಗೆ ಎಷ್ಟು ದೂರ ಅಂತ ಅಳೆಯಿರಿ. 52 ಮಿ.ಮೀ. ದಾಟಿದರೆ ಅಗಲದ ಮಾದರಿ ತಗೊಳ್ಳಿ. ಡಂಕನ್‌ನವರು ಅದನ್ನು ಟ್ರೆಂಬಕರ್ ಅನ್ನುತ್ತಾರೆ, ಡಿಮಾರ್ಜಿಯೋ ಕಂಪನಿಯವರು ಎಫ್ ಸ್ಪೇಸ್ಡ್ ಅನ್ನುತ್ತಾರೆ. ವೈರ್ ಬಣ್ಣದ ವಿಚಾರದಲ್ಲಂತೂ ಹುಷಾರು. ಡಂಕನ್‌ನಲ್ಲಿ ಸಿಗ್ನಲ್ ವೈರ್ ಕಪ್ಪು, ಡಿಮಾರ್ಜಿಯೋದಲ್ಲಿ ಕೆಂಪು. ಒಂದರ ಚಿತ್ರ ನೋಡಿ ಇನ್ನೊಂದಕ್ಕೆ ಬೆಸುಗೆ ಹಾಕಿದರೆ ಕೆಲಸ ಕೆಡುತ್ತದೆ. ಹಳೇ ಪಿಕಪ್ ಬಿಚ್ಚುವ ಮುಂಚೆ ಯಾವ ವೈರ್ ಎಲ್ಲಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಪಾಟ್ ಮೇಲಿನ ನಂಬರ್ ಮತ್ತು ನಡುವಿನ ಪಿಕಪ್‌ಗೆ ಮೀಟರ್ ಎಷ್ಟು ತೋರಿಸಿತು ಅಂತ ಬರೆಯಿರಿ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ. ಅಲ್ಲಿಯವರೆಗೆ ಗಿಟಾರನ್ನು ಗೋಡೆಗೆ ನೇತುಹಾಕಿದ್ದರೆ ಇಳಿಸಿ ಪೆಟ್ಟಿಗೆಯಲ್ಲಿಡಿ, ಜೊತೆಗೆ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಹಾಕಿ.