ಹಳೇ ಪ್ರಿಂಟರ್, ಹೊಸ ರೂಟರ್: ಹೊಂದಿಕೊಳ್ಳುತ್ತವಾ?

ಪ್ರಶ್ನೆ: ಮನೆಯ ಹಳೇ ರೂಟರ್ ತೆಗೆದು ವೈಫೈ 6 ರೂಟರ್ ಹಾಕಬೇಕು ಅಂದುಕೊಂಡಿದ್ದೇನೆ. ಫೋನ್‌ಗಳು, ಒಂದು ಲ್ಯಾಪ್‌ಟಾಪ್ ಹೊಸವು. ಆದರೆ ಪ್ರಿಂಟರ್ ಮತ್ತು ಇನ್ನೊಂದು ಲ್ಯಾಪ್‌ಟಾಪ್ ತುಂಬಾ ಹಳೆಯವು. ಹಳೇ ಸಾಧನ ಒಂದಿದ್ದರೂ ಇಡೀ ನೆಟ್‌ವರ್ಕ್ ನಿಧಾನ ಆಗುತ್ತದೆ, ಬಿಸಾಡು ಅಂತಾರೆ ಸ್ನೇಹಿತರು. ನಿಜವಾ?

ಉತ್ತರ: ಅರ್ಧ ನಿಜ. ಕೆಲಸ ಮಾಡುತ್ತಿರುವ ಪ್ರಿಂಟರನ್ನು ಅಷ್ಟಕ್ಕೇ ಸುಮ್ನೆ ಬಿಸಾಡಬೇಡಿ. ಒಂದು ಚಾನೆಲ್‌ನಲ್ಲಿ, ಅಂದರೆ ವೈಫೈ ಸಿಗ್ನಲ್ ಓಡಾಡುವ ಒಂದು ದಾರಿಯಲ್ಲಿ, ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬಹುದು, ನಿಧಾನದ ಸಾಧನ ಅಷ್ಟೇ ಡೇಟಾ ಕಳಿಸೋಕೆ ಜಾಸ್ತಿ ಹೊತ್ತು ತೆಗೆದುಕೊಂಡರೆ ಉಳಿದವು ಅಷ್ಟೂ ಹೊತ್ತು ಕಾಯಬೇಕು. ಆದರೆ ಡ್ಯುಯಲ್ ಬ್ಯಾಂಡ್ (ಎರಡು ತರಂಗ ಪಟ್ಟಿಯ) ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ರೇಡಿಯೊ, 5 ಗಿಗಾಹರ್ಟ್ಸ್‌ಗೆ ಇನ್ನೊಂದು. ಹಳೆಯವು 2.4ರಲ್ಲಿ ಇದ್ದರೆ 5ರಲ್ಲಿರುವ ಫೋನ್‌ಗೆ ಅವುಗಳ ಕಾಟ ಇಲ್ಲ. 2003ರ ಜಿ, 2009ರ ಎನ್ ಅನ್ನುವ ಹಳೇ ವೈಫೈ ತಲೆಮಾರಿನ ಸಾಧನಗಳಿಗೂ ವೈಫೈ 6 ರೂಟರ್‌ನ 2.4 ಬ್ಯಾಂಡ್‌ನಲ್ಲಿ ಜಾಗ ಇದೆ.

ಹೀಗೆ ಮಾಡಿ. ಹಳೇ ರೂಟರ್‌ನ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಒಂದಕ್ಷರ ಬದಲಾಗದಂತೆ ಹೊಸ ರೂಟರ್‌ನ 2.4 ಬ್ಯಾಂಡ್‌ಗೆ ಕೊಡಿ. ಪ್ರಿಂಟರ್‌ನ ಪುಟ್ಟ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ಹುಡುಕುವುದು ಎಷ್ಟು ಬೇಜಾರು ಅಂತ ಗೊತ್ತಲ್ವಾ, ಅದು ತಪ್ಪುತ್ತದೆ. 5 ಬ್ಯಾಂಡ್‌ಗೆ ಬೇರೆ ಹೆಸರಿಟ್ಟು ಹೊಸವನ್ನು ಅಲ್ಲಿಗೆ ಸೇರಿಸಿ, ಫೋನ್‌ಗಳಲ್ಲಿ ಹಳೇ ಹೆಸರನ್ನು ಅಳಿಸಿಬಿಡಿ, ಇಲ್ಲದಿದ್ದರೆ ಅವು ಮತ್ತೆ ಅಲ್ಲಿಗೇ ಹೋಗುತ್ತವೆ. ಎರಡು ಗೋಡೆ ಆಚೆಯ ಕೋಣೆಯಲ್ಲಿ 5ರ ಸಿಗ್ನಲ್ ಸೊರಗುತ್ತದೆ, ಅಲ್ಲಿ ಫೋನ್‌ಗೂ 2.4 ವಾಸಿ.

ಸೆಕ್ಯುರಿಟಿ ಸೆಟ್ಟಿಂಗ್ ಮಾತ್ರ ದಯವಿಟ್ಟು ಗಮನವಿಟ್ಟು ನೋಡಿ, ಜಾಸ್ತಿ ಜನ ಎಡವುವುದು ಇಲ್ಲೇ. 5ಕ್ಕೆ ಡಬ್ಲ್ಯುಪಿಎ (ವೈಫೈಗೆ ಹಾಕುವ ಬೀಗ) 2 ಮತ್ತು 3 ಎರಡೂ ಸೇರಿದ ಆಯ್ಕೆ ಇರಲಿ. 2.4ರಲ್ಲೂ ಅದನ್ನೇ ಹಾಕಿ ನೋಡಿ, ಪ್ರಿಂಟರ್ ಸೇರದಿದ್ದರೆ ಆ ಬ್ಯಾಂಡನ್ನು ಮಾತ್ರ ಡಬ್ಲ್ಯುಪಿಎ2 ಎಇಎಸ್‌ಗೆ ಇಳಿಸಿ. ಟಿಕೆಐಪಿ ಅನ್ನುವ ಹಳೇ ಆಯ್ಕೆ ಬೇಡ, ಅದರಲ್ಲಿ ಎನ್ ಸಾಧನದ ವೇಗ 54 ಎಂಬಿಪಿಎಸ್‌ಗೆ ಇಳಿಯುತ್ತದೆ. ಡಬ್ಲ್ಯುಇಪಿ ಅನ್ನುವ ಅದಕ್ಕೂ ಹಳೇ ಬೀಗ ಬಿಟ್ಟು ಬೇರೇನೂ ಗೊತ್ತಿಲ್ಲದ ಸಾಧನ ಇದ್ದರೆ ಅದಕ್ಕೆ ವೈಫೈ ಕೊಡಲೇಬೇಡಿ, ಆ ಬೀಗ ಕೆಲವೇ ನಿಮಿಷದಲ್ಲಿ ಒಡೆಯುತ್ತದೆ. ಅದನ್ನು ಕೇಬಲ್‌ನಲ್ಲಿ ಜೋಡಿಸಿ.

ಪ್ರಶ್ನೆ: ಫೋನ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೆ ಪ್ರಿಂಟ್ ಬರುತ್ತದಾ?

ಉತ್ತರ: ಬರುತ್ತದೆ. ಬ್ಯಾಂಡ್ ಬೇರೆಯಾದರೂ ನೆಟ್‌ವರ್ಕ್ ಒಂದೇ. ಪ್ರಿಂಟರನ್ನು ಗೆಸ್ಟ್ ನೆಟ್‌ವರ್ಕ್‌ಗೆ (ಅತಿಥಿಗಳಿಗೆ ಬೇರೆಯಾಗಿ ಕೊಡುವ ವೈಫೈ) ಹಾಕಿದರೆ ಮಾತ್ರ ಸಾಮಾನ್ಯವಾಗಿ ಫೋನ್‌ಗೆ ಅದು ಕಾಣಿಸುವುದಿಲ್ಲ.

ಪ್ರಶ್ನೆ: ಹೊಸ ರೂಟರ್ ಬಂದರೂ ಸ್ಪೀಡ್ ಟೆಸ್ಟ್ 94ರ ಮೇಲೆ ಏರುತ್ತಿಲ್ಲ. ಪ್ಲಾನ್ ಇರುವುದು 300 ಎಂಬಿಪಿಎಸ್.

ಉತ್ತರ: ಇಲ್ಲಿ ವೈಫೈ ತಪ್ಪು ಇರಲಿಕ್ಕಿಲ್ಲ. 94ರ ಹತ್ತಿರ ನಿಂತುಬಿಟ್ಟಿದೆ ಅಂದರೆ ಎಲ್ಲೋ 100 ಎಂಬಿಪಿಎಸ್ ಕೊಂಡಿ ಇದೆ. ಮೋಡೆಮ್‌ನಿಂದ ರೂಟರ್‌ಗೆ ಬರುವ ಕೇಬಲ್ ಬದಲಿಸಿ ನೋಡಿ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್ ವೇಗಕ್ಕೆ, ಒಳಗಿನ ಎಂಟೂ ತಂತಿ ಸರಿ ಇರಬೇಕು, ಒಂದು ತುಂಡಾದರೂ ವೇಗ 100ಕ್ಕೆ ಬೀಳಬಹುದು. ಆಗಲೂ ಸರಿಹೋಗದಿದ್ದರೆ ಮೋಡೆಮ್‌ನ ಪೋರ್ಟ್ ಗಿಗಾಬಿಟ್ ಹೌದಾ ಅಂತ ನೋಡಿ.