ಕ್ಯಾಮೆರಾ ಬ್ಯಾಗಿಂದ ಆಚೆ ಬರೋ ಮುಂಚೆ

ಪ್ರಶ್ನೆ: ಸರ್ ನಮಸ್ತೆ, ನಾನು ಮೊದ್ಲಿಂದ ಫೋಟೋಗ್ರಫಿ ಮಾಡ್ಕೊಂಡಿದ್ದವನು, ಈಗ ಮೂರು ಕ್ಲೈಂಟ್‌ಗೆ ತಿಂಗಳು ತಿಂಗಳು ಸೋಶಿಯಲ್ ಮೀಡಿಯಾ ಕಂಟೆಂಟ್ ಮಾಡ್ಕೊಡ್ತೀನಿ. ಒಬ್ಬೊಬ್ಬರಿಗೂ ತಿಂಗಳಿಗೆ ಒಂದೇ ದಿನ ಶೂಟ್, ಅಷ್ಟರಲ್ಲೇ 8 ರೀಲ್ಸ್, 12 ಫೋಟೋ ಆಗ್ಬೇಕು. ಬೆಳಗ್ಗೆಯಿಂದ ಸಂಜೆವರೆಗೂ ಕೂರೋದೇ ಇಲ್ಲ, ಆದ್ರೂ ಎಡಿಟ್‌ಗೆ ಕೂತಾಗ ಎರಡು ರೀಲ್‌ಗೆ ಶಾಟ್ಸೇ ಇರಲ್ಲ. ತಪ್ಪು ಎಲ್ಲಾಗ್ತಿದೆ?

ಉತ್ತರ: ನಿಮ್ಮ ಓಡಾಟದಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿದೆ. ಒಂದು ಪೇಪರ್ ತಗೊಳ್ಳಿ, ಈಗ್ಲೇ ಮಾಡಿ ನೋಡೋಣ. 20 ಸೆಕೆಂಡಿನ ರೀಲ್, ಒಂದು ಶಾಟ್ ಸುಮಾರು ಎರಡೂವರೆ ಸೆಕೆಂಡ್ ನಿಲ್ಲುತ್ತೆ ಅಂದ್ಕೊಂಡ್ರೆ 8 ಶಾಟ್ ಬೇಕು. 8 ರೀಲ್‌ಗೆ 64 ಶಾಟ್. ಲೈಟ್ ಸರಿ ಮಾಡಿ, ಫೋಕಸ್ ನೋಡಿ, ಎರಡು ಮೂರು ಟೇಕ್ ತಗೊಂಡು, ಮುಂದಿನದಕ್ಕೆ ಹೋಗೋಕೆ ಒಂದು ಶಾಟಿಗೆ 6 ನಿಮಿಷ ಅಂತಿಟ್ಕೊಂಡ್ರೂ 384 ನಿಮಿಷ, ಅಂದ್ರೆ 6 ಗಂಟೆ 24 ನಿಮಿಷ. ಇದ್ರಲ್ಲಿ ಊಟ ಇಲ್ಲ, ಬಟ್ಟೆ ಬದಲಾಯ್ಸೋದಿಲ್ಲ, ಆ 12 ಫೋಟೋ ಅಂತೂ ಇಲ್ವೇ ಇಲ್ಲ. ಈ ಲೆಕ್ಕ ಕ್ಲೈಂಟ್ ಮುಂದೆ ಮೊದಲನೇ ಮೀಟಿಂಗಲ್ಲೇ ಇಡಿ, ಆಮೇಲೆ 8 ಬೇಕೋ 6 ಸಾಕೋ ಅಂತ ಅವರೇ ಯೋಚ್ನೆ ಮಾಡ್ತಾರೆ.

ಇನ್ನು ಪ್ಲಾನ್. ನಾನು ಯಾವಾಗ್ಲೂ ಕೊನೇಯಿಂದ ಹಿಂದಕ್ಕೆ ಬರ್ತೀನಿ. ಮೊದ್ಲು ಪ್ರತಿ ರೀಲ್ ಏನು ಹೇಳುತ್ತೆ ಅನ್ನೋದನ್ನ ಒಂದೇ ಸಾಲಲ್ಲಿ ಬರೀತೀನಿ, ಒಂದು ಸಾಲಲ್ಲಿ ಬರೆಯೋಕಾಗ್ಲಿಲ್ಲ ಅಂದ್ರೆ ಆ ರೀಲ್ ಇನ್ನೂ ರೆಡಿ ಇಲ್ಲ ಅಂತ ಅರ್ಥ, ಅದನ್ನ ಶೂಟಿಗೆ ತಗೊಂಡು ಹೋಗೋದೇ ಇಲ್ಲ. ಆಮೇಲೆ ಅದರ ಮೊದಲನೇ ಶಾಟ್ ಯಾವುದು ಅಂತ ಬರೀತೀನಿ, ಯಾಕಂದ್ರೆ ನೋಡೋರು ಬೆರಳು ನಿಲ್ಲಿಸೋದು ಅಥವಾ ಮುಂದಕ್ಕೆ ತಳ್ಳೋದು ಅಲ್ಲೇ. ಅದಾದ್ಮೇಲೆ ಉಳಿದ ಶಾಟ್ಸ್.

ಈಗ ಹೆಚ್ಚಿನವರು ಮಾಡೋ ತಪ್ಪು ಅಂದ್ರೆ ಆ ಪಟ್ಟಿನ ರೀಲ್ 1, ರೀಲ್ 2 ಅಂತ ಅದೇ ಆರ್ಡರಲ್ಲಿ ಶೂಟ್ ಮಾಡೋದು. ಹಾಗೆ ಮಾಡಿದ್ರೆ ಒಂದೇ ಕಿಟಕಿ ಹತ್ರ ದಿನಕ್ಕೆ ಐದು ಸಲ ಟ್ರೈಪಾಡ್ ಹೊತ್ಕೊಂಡು ಹೋಗ್ತೀರ, ಐದನೇ ಸಲ ಹೋಗೋ ಹೊತ್ತಿಗೆ ಬಿಸಿಲು ಬೇರೆ ಕಡೆ ತಿರುಗಿರುತ್ತೆ. ಎಲ್ಲಾ ರೀಲಿನ ಶಾಟ್ಸನ್ನೂ ಒಟ್ಟಿಗೆ ಸುರಿದು ಜಾಗ, ಬೆಳಕು, ಬಟ್ಟೆ ಪ್ರಕಾರ ಮತ್ತೆ ಜೋಡಿಸ್ಕೊಳ್ಳಿ. ಕಿಟಕಿ ಬೆಳಕಿನವು ಎಲ್ಲಾ ಒಂದೇ ಸಲ. ಮಾತಾಡೋ ಶಾಟ್ಸ್ ಎಲ್ಲಾ ಒಂದೇ ಸಲ, ಕಾಲರ್ ಮೈಕ್ ಒಂದು ಸಲ ಸಿಕ್ಕಿಸಿದ್ರೆ ಮುಗೀಬೇಕು, ಮೈಕ್ ತೆಗೆಯೋ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ ಆ ರೂಮಿನ ಸದ್ದನ್ನೇ 30 ಸೆಕೆಂಡ್ ರೆಕಾರ್ಡ್ ಮಾಡ್ಕೊಳ್ಳಿ, ಎಡಿಟಲ್ಲಿ ಮಾತಿನ ಮಧ್ಯೆ ತೇಪೆ ಹಾಕೋಕೆ ಇದು ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ಒಂದು ಸಲ ಮಾಡಿದ್ರೆ ಗೊತ್ತಾಗುತ್ತೆ. ಕೈ, ವಸ್ತು, ಪ್ಯಾಕಿಂಗ್ ಥರದ ಕ್ಲೋಸಪ್‌ಗಳನ್ನ ಕೊನೆಗೆ ಇಡಿ, ಅವಕ್ಕೆ ಸೂರ್ಯನ ಹಂಗಿಲ್ಲ, ಒಂದು ಲೈಟ್ ಇದ್ರೆ ಕತ್ತಲಾದ್ಮೇಲೂ ಆಗುತ್ತೆ.

ಫೋಟೋಗೆ ಬೇರೆ ಹೊತ್ತು ಇಟ್ಕೋಬೇಡಿ. ಒಂದು ಸೆಟಪ್ಪಲ್ಲಿ ವಿಡಿಯೋ ಮುಗೀತಾ, ಜಾಗ ಬಿಡೋ ಮುಂಚೆ ಅಲ್ಲೇ ಫೋಟೋ ತೆಗೀರಿ. ಅಷ್ಟು ಹೊತ್ತಿಗೆ ಎದುರಿಗಿರೋರ ಬಿಗುವೂ ಕಡಿಮೆಯಾಗಿರುತ್ತೆ. ಇದಕ್ಕೋಸ್ಕರಾನೇ ನಾನು ಇಂಥ ಶೂಟಿಗೆ ಫ್ಲ್ಯಾಶ್ ಬಿಟ್ಟು ಸದಾ ಉರಿಯೋ ಎಲ್ಇಡಿ ಲೈಟನ್ನೇ ಎರಡಕ್ಕೂ ಬಳಸೋದು. ಆದ್ರೆ ಶಟರ್ ಸ್ಪೀಡ್, ಅಂದ್ರೆ ಒಂದು ಫ್ರೇಮಿಗೆ ಬೆಳಕು ಒಳಗೆ ಬರೋ ಹೊತ್ತು, ಬದಲಾಯ್ಸೋದು ಮರೀಬೇಡಿ, ವಿಡಿಯೋಗೆ 1/50 ಸೆಕೆಂಡ್ ಇಟ್ಟಿದ್ದು ಹಾಗೇ ಬಿಟ್ಟು ನಡೀತಿರೋರ ಫೋಟೋ ತೆಗೆದ್ರೆ ಎಲ್ಲಾ ಅಲುಗಾಡಿರುತ್ತೆ.

ಕೊನೇದಾಗಿ, ಪಟ್ಟೀಲಿ ಯಾವ ಶಾಟ್ ಇಲ್ದಿದ್ರೆ ರೀಲೇ ಇಲ್ವೋ ಅದರ ಮುಂದೆ ಸ್ಟಾರ್ ಹಾಕಿ. ಲೇಟಾದಾಗ ಸ್ಟಾರ್ ಇಲ್ಲದ್ದನ್ನ ಬಿಡಿ. ನಿಮ್ಮ ಆ ಎರಡು ರೀಲ್ ಕೈಕೊಡ್ತಿರೋದು ಬಹುಶಃ ಇದೊಂದಕ್ಕೇ, ಬಿಡಬಹುದಾದ ಶಾಟಿಗೆ ಅರ್ಧ ಗಂಟೆ ಕೊಟ್ಟು ಬಿಡಲೇಬಾರದ್ದು ಉಳ್ಕೊಂಡಿರುತ್ತೆ.

ಪ್ರಶ್ನೆ: ನಮ್ಮ ಕ್ಲೈಂಟಿಗೆ ಒಂದೇ ವಿಡಿಯೋ ಯೂಟ್ಯೂಬಿಗೆ ಅಡ್ಡಕ್ಕೂ ಬೇಕಂತೆ, ರೀಲ್ಸಿಗೆ ಉದ್ದಕ್ಕೂ ಬೇಕಂತೆ. ಎರಡು ಸಲ ಶೂಟ್ ಮಾಡ್ಬೇಕಾ?

ಉತ್ತರ: ಯಾವಾಗ್ಲೂ ಬೇಕಿಲ್ಲ. 4ಕೆನಲ್ಲಿ ಅಡ್ಡ ಶೂಟ್ ಮಾಡಿದ್ರೆ ಫ್ರೇಮ್ 3840×2160 ಪಿಕ್ಸೆಲ್ ಇರುತ್ತೆ, ಅದರ ಪೂರ್ತಿ ಎತ್ತರ ಇಟ್ಕೊಂಡು ರೀಲಿನ ಅನುಪಾತ 9:16ಕ್ಕೆ ಕತ್ತರಿಸಿದ್ರೆ 1215×2160 ಸಿಗುತ್ತೆ, ರೀಲಿಗೆ ಬೇಕಾಗಿರೋದು 1080×1920 ಅಷ್ಟೇ, ಹಾಗಾಗಿ ಕ್ವಾಲಿಟಿ ಚಿಂತೆ ಇಲ್ಲ. ಫುಲ್ ಎಚ್‌ಡಿಲಿ ತೆಗೆದು ಕತ್ತರಿಸೋಕೆ ಹೋಗ್ಬೇಡಿ, ಅಗಲ 607 ಪಿಕ್ಸೆಲ್ ಉಳಿಯುತ್ತೆ, ಮಸುಕಾಗುತ್ತೆ. ಸಮಸ್ಯೆ ಬರೋದು ಕಂಪೋಸಿಷನ್ನಲ್ಲಿ. ಒಬ್ಬರು ನಡುವೆ ಕೂತು ಮಾತಾಡಿದ್ರೆ ಎರಡಕ್ಕೂ ಸರಿ, ಇಬ್ಬರು ಆ ಕಡೆ ಈ ಕಡೆ ಕೂತ್ರೆ ಉದ್ದದ ಫ್ರೇಮಲ್ಲಿ ಮಧ್ಯದ ಖಾಲಿ ಗೋಡೆ ಮಾತ್ರ ಕಾಣುತ್ತೆ. ಅಂಥ ಶಾಟ್ಸ್ ಮಾತ್ರ ಎರಡು ಸಲ ತೆಗೀರಿ, ಪಟ್ಟೀಲೇ ಗುರುತು ಹಾಕ್ಕೊಳ್ಳಿ.

ಉದ್ದದ ಫ್ರೇಮಲ್ಲಿ ಕೆಳಗಡೆ ಕ್ಯಾಪ್ಷನ್ ಕೂರುತ್ತೆ, ಬಲಗಡೆ ಲೈಕ್ ಕಾಮೆಂಟ್ ಬಟನ್‌ಗಳು ಬರುತ್ತೆ, ಅಲ್ಲಿ ವಸ್ತುವಿನ ಹೆಸರೋ ಲೋಗೋನೋ ಬಂದ್ರೆ ಮುಚ್ಚೋಗುತ್ತೆ. ಕೆಳಗಿನ ಐದನೇ ಒಂದು ಭಾಗ ಖಾಲಿ ಬಿಟ್ಟೇ ಫ್ರೇಮ್ ಮಾಡೋದು ನನ್ನ ಅಭ್ಯಾಸ. ಫೋಟೋಗೂ ಇದೇ ಥರ, 2025ರ ಶುರುವಲ್ಲಿ ಇನ್‌ಸ್ಟಾಗ್ರಾಮ್ ಪ್ರೊಫೈಲ್ ಗ್ರಿಡ್ ಚೌಕದಿಂದ 3:4ಕ್ಕೆ ಬದಲಾಯ್ತು, ಕ್ಯಾಮೆರಾ ಕೊಡೋ 2:3 ಅದಕ್ಕಿಂತ ಉದ್ದ, ಹಾಗಾಗಿ ತಲೆ ಮೇಲೂ ಕಾಲ ಕೆಳಗೂ ಸ್ವಲ್ಪ ಜಾಗ ಬಿಟ್ಟು ತೆಗೀರಿ.

ಪ್ರಶ್ನೆ: ಕ್ಲೈಂಟ್ ಆಫೀಸಲ್ಲಿ ತೆಗೆದ ವಿಡಿಯೋ ತುಂಬಾ ಕಪ್ಪು ಪಟ್ಟಿಗಳು ಓಡಾಡ್ತಿವೆ, ಕ್ಯಾಮೆರಾ ಹಾಳಾಗಿದ್ಯಾ?

ಉತ್ತರ: ಕ್ಯಾಮೆರಾ ಚೆನ್ನಾಗೇ ಇದೆ, ಅದು ಅಲ್ಲಿನ ಲೈಟಿನ ಮಿಣುಕು. ಕರೆಂಟ್ 50 ಹರ್ಟ್ಸ್ ಇರೋ ಕಡೆ ಕೆಲವು ಟ್ಯೂಬ್‌ಲೈಟು, ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಅಲ್ಲಿ ಶಟರ್ 1/50 ಅಥವಾ 1/100 ಇಡಿ. 60 ಹರ್ಟ್ಸ್ ಇರೋ ಕಡೆ 1/60 ಅಥವಾ 1/120. ಬೆಳಕು ಹೆಚ್ಚು ಕಡಿಮೆ ಮಾಡೋ ಡಿಮ್ಮರ್ ಹಾಕಿರೋ ಲೈಟಿಗೆ ಇದೂ ಸಾಲಲ್ಲ, ಆರಿಸಿಬಿಡೋದೇ ವಾಸಿ. ಶೂಟಿಗೆ ಮುಂಚೆ ಬೇರೆ ದಿನ ಒಂದು ಸಲ, ಶೂಟ್ ಎಷ್ಟು ಗಂಟೆಗಿದೆಯೋ ಅದೇ ಹೊತ್ತಲ್ಲಿ, ಜಾಗ ನೋಡ್ಕೊಂಡು ಬನ್ನಿ. ಹತ್ತು ಸೆಕೆಂಡ್ ವಿಡಿಯೋ ತೆಗೆದು ನೋಡಿದ್ರೆ ಇದು ಅವತ್ತೇ ಸಿಕ್ಕಿಬೀಳುತ್ತೆ, ಪ್ಲಗ್ ಎಲ್ಲಿದೆ, ಪಕ್ಕದಲ್ಲಿ ಯಾವ ಮಶೀನ್ ಸದ್ದು ಮಾಡುತ್ತೆ ಅನ್ನೋದೂ ಗೊತ್ತಾಗುತ್ತೆ.

ಪ್ರಶ್ನೆ: ನಾನು ಒಬ್ಬಳೇ ಕೆಲಸ ಮಾಡೋದು ಸರ್. ಶೂಟ್ ದಿನಾನೇ ಕ್ಲೈಂಟ್ ಕಡೆಯವರು ನಾಲ್ಕು ಜನ ಬಂದು ಇದೂ ಇರ್ಲಿ ಅದೂ ಇರ್ಲಿ ಅಂತಾರೆ, ಆಮೇಲೆ ಎಡಿಟ್ ಕಳ್ಸಿದ್ರೆ ಹತ್ತು ಸಲ ಬದಲಾಯ್ಸಿ ಅಂತಾರೆ. ಬೇಡ ಅನ್ನೋಕೆ ಭಯ.

ಉತ್ತರ: ಮೇಡಂ, ಬೇಡ ಅಂತ ಬಾಯಲ್ಲಿ ಹೇಳೋ ಪರಿಸ್ಥಿತಿನೇ ಬರಬಾರದು, ಅದನ್ನ ಪೇಪರ್ ಹೇಳ್ಬೇಕು. ಶಾಟ್ ಪಟ್ಟಿನ ಎರಡು ದಿನ ಮುಂಚೆ ಕಳ್ಸಿ, ಓಕೆ ಅಂತ ಬರವಣಿಗೇಲಿ ತಗೊಳ್ಳಿ. ಕೆಳಗೆ ಒಂದು ಸಾಲು ಇರ್ಲಿ: ಅವತ್ತು ಹೊಸದು ಸೇರಿದ್ರೆ ಪಟ್ಟಿಯಿಂದ ಯಾವುದನ್ನ ತೆಗೀಬೇಕು ಅಂತ ನೀವೇ ಹೇಳ್ಬೇಕು. ಈ ಸಾಲು ಇದ್ರೆ ಜಗಳ ಇಲ್ಲ, ಆಯ್ಕೆ ಅವರದ್ದೇ. ಎಡಿಟಿಗೆ ಎರಡು ಸಲ ತಿದ್ದುಪಡಿ ಉಚಿತ, ಮೂರನೇದಕ್ಕೆ ಚಾರ್ಜ್, ಇದನ್ನೂ ಅಡ್ವಾನ್ಸ್ ತಗೊಳ್ಳೋ ಮುಂಚೆನೇ ಬರೀರಿ.

ಆ ನಾಲ್ಕು ಜನರಲ್ಲಿ ಕೊನೇ ಮಾತು ಯಾರದ್ದು ಅಂತ ಮೊದಲೇ ಕೇಳಿ, ಅವರು ಸೆಟ್ಟಲ್ಲಿ ಇರ್ಲೇಬೇಕು. ನನಗೆ ಒಂದು ಕಡೆ ಮ್ಯಾನೇಜರ್ ಎಲ್ಲಾ ಓಕೆ ಮಾಡಿದ್ರು, ಆಮೇಲೆ ಮಾಲೀಕರು ನೋಡಿ ಹಿಂದಿನ ಗೋಡೇಲಿ ಹಳೇ ಲೋಗೋ ಕಾಣ್ತಿದೆ ಅಂತ ಪೂರ್ತಿ ದಿನದ ಕೆಲಸ ವಾಪಸ್ ಕಳ್ಸಿದ್ರು, ಮತ್ತೊಂದು ದಿನ ದುಡ್ಡಿಲ್ಲದೆ ಶೂಟ್ ಮಾಡಿಕೊಟ್ಟೆ. ತುಂಬಾ ನೋವಾಗಿತ್ತು ಅವತ್ತು. ಅವತ್ತಿಂದ ಪ್ರತಿ ಸೆಟಪ್ಪಿನ ಮೊದಲನೇ ಫ್ರೇಮ್ ಕೊನೇ ಮಾತು ಹೇಳೋರಿಗೆ ತೋರಿಸಿ ಹಿಂದೆ ಏನೇನಿದೆ ನೋಡಿ ಅಂತ ಕೇಳ್ತೀನಿ.

ಇನ್ನೆರಡು ವಿಷಯ ಆ ಪೇಪರಲ್ಲೇ ಸೇರಿಸ್ಕೊಳ್ಳಿ. ಮುಖ ಕಾಣೋ ಪ್ರತಿಯೊಬ್ಬರ ಒಪ್ಪಿಗೆ, ಮಕ್ಕಳಾದ್ರೆ ಅಪ್ಪ ಅಮ್ಮಂದು, ಬರವಣಿಗೇಲಿ. ಮತ್ತೆ ಹಾಡು. ಬಿಸಿನೆಸ್ ಅಕೌಂಟಿಗೆ ಟ್ರೆಂಡಿಂಗ್ ಹಾಡುಗಳಲ್ಲಿ ಎಷ್ಟೋ ಸಿಗೋದೇ ಇಲ್ಲ, ಆ ಹಾಡಿನ ತಾಳಕ್ಕೆ ಶಾಟ್ ಕೂರಿಸಿ ಆಮೇಲೆ ಅದು ಇಲ್ಲ ಅಂತಾದ್ರೆ ರೀಲೇ ಬಿದ್ದೋಗುತ್ತೆ, ಲೈಸೆನ್ಸ್ ಇರೋ ಮ್ಯೂಸಿಕ್ ಶೂಟಿಗೆ ಮುಂಚೆನೇ ಆರಿಸಿಡಿ.

ಪ್ರಶ್ನೆ: ಒಂದು ದಿನದ ಶೂಟಿಗೆ ಎಷ್ಟು ಮೆಮೊರಿ ಕಾರ್ಡ್ ಇರ್ಬೇಕು? ಯಾವಾಗ ಫಾರ್ಮ್ಯಾಟ್ ಮಾಡ್ಬಹುದು?

ಉತ್ತರ: 4ಕೆ ವಿಡಿಯೋ 100 ಎಂಬಿಪಿಎಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್‌ನಂತೆ, ರೆಕಾರ್ಡ್ ಆದ್ರೆ ಗಂಟೆಗೆ 45 ಜಿಬಿ. ನೀವು ದಿನಕ್ಕೆ ಎಷ್ಟು ಹೊತ್ತು ರೆಕಾರ್ಡ್ ಮಾಡ್ತೀರ ನೋಡ್ಕೊಂಡು ಗುಣಿಸಿ, ಬಂದಿದ್ದರ ಎರಡರಷ್ಟು ಇಟ್ಕೊಳ್ಳಿ. ಒಂದೇ ದೊಡ್ಡ ಕಾರ್ಡಿಗಿಂತ ಚಿಕ್ಕವು ನಾಲ್ಕು ಮೇಲು, ಒಂದು ಕೆಟ್ರೂ ದಿನ ಪೂರ್ತಿ ಹೋಗಲ್ಲ. ಫಾರ್ಮ್ಯಾಟ್ ಅಂತೂ ಎರಡು ಬೇರೆ ಬೇರೆ ಡ್ರೈವಿಗೆ ಕಾಪಿ ಆಗಿ, ಎರಡರಲ್ಲೂ ಫೈಲ್ ಓಪನ್ ಮಾಡಿ ನೋಡಿದ್ಮೇಲೇನೇ, ಅದೂ ಮುಂದಿನ ಶೂಟಿನ ಹಿಂದಿನ ರಾತ್ರಿ ಮಾಡಿ. ಅಲ್ಲಿವರೆಗೂ ಕಾರ್ಡೇ ನಿಮ್ಮ ಮೂರನೇ ಕಾಪಿ.